ಮುಳ್ಳಿಲ್ಲದ ಮೀನು

ಟ್ಯೂನಾ ಡಬ್ಬಿಯ ಉಂಗುರಕ್ಕೆ ಬೆರಳು ಸಿಕ್ಕಿಸಿ ಮುಚ್ಚಳ ಎಳೆದಾಗ ಒಂದು ವಾಸನೆ ಬರುತ್ತದಲ್ಲ, ಅದನ್ನು ಸುವಾಸನೆ ಎಂದರೆ ನಮ್ಮ ಕುಂದಾಪುರದ ಕಡೆಯವರು ನನ್ನನ್ನು ಊಟದ ಸಾಲಿನಿಂದಲೇ ಎಬ್ಬಿಸಿಯಾರು. ಎಬ್ಬಿಸಲಿ. ನನಗೆ ಅದು ಸುವಾಸನೆಯೇ. ಹೋದ ತಿಂಗಳು ಒಂದು ಶುಕ್ರವಾರ ದೋಹಾದ ಐನ್ ಖಾಲಿದ್‌ನ ನಮ್ಮ ಅಡುಗೆಮನೆಯಲ್ಲಿ ಅಂಥದೊಂದು ಡಬ್ಬಿ ತೆರೆದೆ. ನಲವತ್ತು ದಾಟಿದ, ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುವ ಹೆಂಗಸು ನಾನು. ವಾಸನೆ ಮೂಗಿಗೆ ತಾಗಿದ್ದೇ ತಡ, ಬಾಯಲ್ಲಿ ನೀರು ಬಂತು. ಅದರ ಹಿಂದೆಯೇ ಕಣ್ಣಲ್ಲೂ ಬಂತು.

ಡಬ್ಬಿ ತೆರೆದದ್ದು ಹಸಿವಿನಿಂದಲ್ಲ, ಸಿಟ್ಟಿನಿಂದ. ಸಿಟ್ಟು ಯಾರ ಮೇಲೆ ಎಂದರೆ ಅಪ್ಪಯ್ಯನ ಮೇಲೆ. ಅಮ್ಮ ತೀರಿಕೊಂಡು ಎರಡು ವರ್ಷವಾಯಿತು. ಉಡುಪಿಯಲ್ಲಿ ತಮ್ಮನ ಮನೆಯಲ್ಲಿರುವ ಅಪ್ಪಯ್ಯನನ್ನು ‘ಚಳಿಗಾಲದಲ್ಲಿ ಇಲ್ಲಿ ಹವೆ ಚೆನ್ನಾಗಿರುತ್ತದೆ, ಬನ್ನಿ’ ಎಂದು ದುಂಬಾಲು ಬಿದ್ದು ವಿಸಿಟ್ ವೀಸಾದಲ್ಲಿ ಕರೆಸಿಕೊಂಡಿದ್ದೆ. ಅವರಿಗೇನೂ ದೋಹಾ ಹೊಸತಲ್ಲ. ಇಂಡಸ್ಟ್ರಿಯಲ್ ಏರಿಯಾದ ಒಂದು ಗೋದಾಮಿನಲ್ಲಿ ಅರ್ಧ ಆಯುಷ್ಯ ಸ್ಟೋರ್‌ಕೀಪರ್ ಆಗಿದ್ದವರು. ಏರ್‌ಪೋರ್ಟಿನಿಂದ ಬರುವಾಗ ಕಾರಿನ ಕಿಟಕಿಯಿಂದ ಹೊರಗೆ ನೋಡುತ್ತ, ‘ಇಲ್ಲೊಂದ್ ಖಾಲಿ ಜಾಗ ಇದ್ದಿತ್ತ್, ಎಲ್ಲಿಗ್ ಹೋಯ್ತ್?’ ಎಂದು ಕೇಳಿದರು. ಖಾಲಿ ಜಾಗ ಎಲ್ಲಿಗೆ ಹೋಗುತ್ತದೆ? ಅದರ ಮೇಲೆ ಹದಿನಾರು ಮಾಳಿಗೆ ನಿಂತಿತ್ತು. ಹೀಗೆ ಲವಲವಿಕೆಯಿಂದಲೇ ಬಂದ ಮನುಷ್ಯ ಊಟಕ್ಕೆ ಕೂತ ಮೊದಲ ದಿನವೇ ಒಂದು ಹಠ ಹಿಡಿದರು: ಮೀನು ಬೇಡ.

ನೀವು ಕರಾವಳಿಯವರಾಗಿದ್ದರೆ ಈ ಎರಡು ಪದಗಳ ಭಾರ ನಿಮಗೆ ಗೊತ್ತು. ನನ್ನ ಅಜ್ಜ ದೋಣಿಯಲ್ಲಿ ಮೀನು ಹಿಡಿದವರು. ಅಪ್ಪಯ್ಯ ಮೀನಿಲ್ಲದ ಊಟಕ್ಕೆ ಕೂತರೆ ಜ್ವರ ಬಂದವರ ಮುಖ ಮಾಡುತ್ತಿದ್ದವರು. ನಾನು ಭೂತಾಯಿ ಮೀನಿನ ಸಾರು ಮಾಡಿದೆ. ‘ಹೊಟ್ಟಿ ಸಮ ಇಲ್ಲೆ ಮಗಾ’ ಎಂದರು. ಬಂಗುಡೆ ಹುರಿದೆ. ‘ಇವತ್ ಬ್ಯಾಡ, ನಾಳೆ ಕಾಂಬ’ ಎಂದರು. ಅಂಜಲಿನ ದಪ್ಪ ತುಂಡನ್ನು ಬಡಿಸಿದರೆ ಅದರ ಅಂಚನ್ನಷ್ಟೇ ಮುಟ್ಟಿ ತಟ್ಟೆಯ ಬದಿಗೆ ಸರಿಸಿದರು. ತಿಳಿಸಾರು, ಮೊಸರು, ಉಪ್ಪಿನಕಾಯಿ. ಒಂದು ತಿಂಗಳು ಇಷ್ಟೇ. ಪ್ಯಾಂಟಿನ ಬೆಲ್ಟಿಗೆ ಮೊಳೆ ಹೊಡೆದು ಹೊಸ ತೂತು ಮಾಡಿಕೊಂಡದ್ದನ್ನು ನಾನು ಕಂಡೆ.

ನನ್ನ ಗಂಡ ಕೆಲಸ ಮಾಡುವುದು ಇಲ್ಲಿನ ಹಮದ್ ಬಂದರಿನಲ್ಲಿ; ಎಲ್ಲದಕ್ಕೂ ಅವರ ಬಳಿ ಒಂದು ಸಮಾಧಾನ ಸಿದ್ಧವಿರುತ್ತದೆ. ‘ಅತ್ತೆಯ ಕೈರುಚಿ ನೆನಪಾಗ್ತಿರ್ಬೇಕು, ಬಿಡು’ ಎಂದರು. ಸಮಾಧಾನವೇನೋ ಸರಿ, ಹಾಗಾದರೆ ನನ್ನ ಕೈರುಚಿ ಎಂದರೆ ಏನು? ಅವಮಾನವಾಯಿತು. ಅವಮಾನದ ಅಡಿಯಲ್ಲಿ ಇನ್ನೊಂದಿತ್ತು, ಅದನ್ನು ಬಾಯಿಬಿಟ್ಟು ಯಾರಿಗೂ ಹೇಳಲಿಲ್ಲ: ಹೀಗೇ ಬಿಟ್ಟರೆ ಇವರು ಅಮ್ಮನ ಹಿಂದೆಯೇ ಹೊರಟುಬಿಡುತ್ತಾರೆ ಎಂಬ ಹೆದರಿಕೆ. ಆ ಶುಕ್ರವಾರ ಬೆಳಿಗ್ಗೆ ಬಂಗುಡೆ ತೊಳೆಯುತ್ತಿದ್ದಾಗ ಅವರು ಅಡುಗೆಮನೆಯ ಬಾಗಿಲಿಗೆ ಬಂದು, ‘ನಂಗೆ ಮೊಸ್ರಿದ್ರೆ ಸಾಕ್’ ಎಂದರು. ಮೀನನ್ನೆಲ್ಲ ದಡಕ್ಕನೆ ಫ್ರೀಜರಿಗೆ ಹಾಕಿದೆ. ಮಗಳ ಸ್ಯಾಂಡ್‌ವಿಚ್‌ಗೆಂದು ತಂದಿಟ್ಟ ಟ್ಯೂನಾ ಡಬ್ಬಿ ಕಪಾಟಿನಲ್ಲಿತ್ತು. ಮೀನು ಬೇಡದವರ ಮನೆಗೆ ಡಬ್ಬಿ ಮೀನೇ ಸರಿ ಎಂದು ಅದನ್ನು ಎಳೆದು ತೆರೆದೆ.

ಡಬ್ಬಿ ಮೀನಿನ ಮಟ್ಟಿಗೆ ನಮ್ಮದು ಹಳೆಯ, ಸ್ವಲ್ಪ ನಾಚಿಕೆಯ ಸಂಬಂಧ. ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ ಎನ್ನುತ್ತಾರಲ್ಲ, ಹಾಗೆ. ಆಚೆ ಅರಬ್ಬೀ ಸಮುದ್ರ, ಈಚೆ ಪರ್ಷಿಯನ್ ಕೊಲ್ಲಿ, ನಡುವೆ ಎರಡೂ ನೀರಿನ ಮೀನು ತಿಂದು ಬೆಳೆದ ಸಂಸಾರ. ಅಂಥ ಮನೆಯಲ್ಲಿ ನಾನೂ ಅಪ್ಪಯ್ಯನೂ ನಾಲ್ಕು ತಿಂಗಳು ಡಬ್ಬಿ ಮೀನು ತಿಂದು ಬದುಕಿದ್ದೆವು.

ನನಗೆ ಆಗ ಏಳು ವರ್ಷ. ದೋಹಾದಲ್ಲಿ ಒಂದು ಹಳೆಯ ವಿಲ್ಲಾದ ಹಿಂಬದಿಯ ಎರಡು ಕೋಣೆ ನಮ್ಮ ಮನೆ. ತಮ್ಮ ಹುಟ್ಟುವವನಿದ್ದ, ಅಮ್ಮ ಹೆರಿಗೆಗೆ ಊರಿಗೆ ಹೋದಳು. ನನಗೆ ಶಾಲೆ ತಪ್ಪಬಾರದೆಂದು ನನ್ನನ್ನು ಅಪ್ಪಯ್ಯನ ಬಳಿ ಬಿಟ್ಟಳು. ಶಾಲೆ ಬಿಟ್ಟ ಮೇಲೆ ಪಕ್ಕದ ಮನೆಯ ಮಲಯಾಳಿ ಅಕ್ಕ, ನಮ್ಮ ಪಾಲಿನ ಚೇಚಿ, ನೋಡಿಕೊಳ್ಳುವುದು, ಸಂಜೆ ಅಪ್ಪಯ್ಯ ಬಂದು ಅಡುಗೆ ಮಾಡುವುದು ಎಂದು ವ್ಯವಸ್ಥೆಯಾಯಿತು. ವ್ಯವಸ್ಥೆಯಲ್ಲಿ ಒಂದೇ ದೋಷವಿತ್ತು: ಅಪ್ಪಯ್ಯನಿಗೆ ಅಡುಗೆ ಬರುತ್ತಿರಲಿಲ್ಲ.

ಮೊದಲ ವಾರ ಅವರು ಧೈರ್ಯ ಮಾಡಿ ಭೂತಾಯಿ ಸಾರು ಮಾಡಿದರು. ಮೂರನೇ ತುತ್ತಿಗೆ ನನ್ನ ಗಂಟಲಲ್ಲಿ ಮುಳ್ಳು ಸಿಕ್ಕಿಕೊಂಡಿತು. ಅನ್ನದ ಉಂಡೆ ನುಂಗಿಸಿದರು, ಬಾಳೆಹಣ್ಣು ನುಂಗಿಸಿದರು, ಬೆನ್ನಿಗೆ ಗುದ್ದಿದರು. ಕೊನೆಗೆ ನನ್ನನ್ನು ಎತ್ತಿಕೊಂಡು ಚೇಚಿಯ ಮನೆಗೆ ಓಡಿದರು. ಅಷ್ಟರಲ್ಲಿ ಮುಳ್ಳು ತಾನಾಗಿಯೇ ಇಳಿದಿತ್ತು; ನಾನು ಚೇಚಿಯ ಮನೆಯ ಟೀವಿ ನೋಡುತ್ತ ಕುಳಿತೆ. ಅಪ್ಪಯ್ಯ ಮಾತ್ರ ಅವರ ಬಾಗಿಲಲ್ಲೇ ನೆಲದ ಮೇಲೆ ಕೂತುಬಿಟ್ಟಿದ್ದರು. ಚೇಚಿ ಕೊಟ್ಟ ನೀರಿನಲ್ಲಿ ಅರ್ಧ ಅವರ ಅಂಗಿಯ ಮೇಲೆ ಚೆಲ್ಲಿತು. ಮರುದಿನದಿಂದ ಅಮ್ಮ ಬರುವವರೆಗೆ ನಮ್ಮ ಮನೆಗೆ ಹಸಿ ಮೀನು ಬರಲಿಲ್ಲ.

ಬಂದದ್ದು ಡಬ್ಬಿ. ಅವರ ಗೋದಾಮಿನಲ್ಲಿದ್ದ ಒಬ್ಬ ಫಿಲಿಪಿನೋ ಗೆಳೆಯ ಹೇಳಿಕೊಟ್ಟ ಅಡುಗೆ. ಮ್ಯಾಕರೋನಿ ಬೇಯಿಸು, ಟ್ಯೂನಾ ಬೆರೆಸು, ಡಬ್ಬಿಯ ಹಾಲು ಸುರಿ, ಚೀಸ್ ತುರಿ, ಮೇಲೆ ಆಲೂಗಡ್ಡೆ ಚಿಪ್ಸ್ ಪುಡಿಮಾಡಿ ಉದುರಿಸು, ಓವನ್‌ನಲ್ಲಿಡು. ಟ್ಯೂನಾ ಕ್ಯಾಸರೋಲ್ ಎಂದು ಅದರ ಹೆಸರಂತೆ. ನಮ್ಮ ಮನೆಯಲ್ಲಿ ಓವನ್ ಎಂದರೆ ಪಾತ್ರೆಯ ಕಪಾಟು. ಗಲ್ಫಿನ ಎಷ್ಟೋ ಮನೆಗಳಲ್ಲಿ ಈಗಲೂ ಹಾಗೆಯೇ. ಅಪ್ಪಯ್ಯ ಅದರೊಳಗಿಂದ ದೋಸೆಯ ಕಾವಲಿ, ಎರಡು ಬಾಣಲೆ, ಇಡ್ಲಿ ತಟ್ಟೆ, ಯಾವುದೋ ಕಾಲದ ಒಂದು ಜರಡಿಯನ್ನು ಒಂದೊಂದಾಗಿ ತೆಗೆದು ನೆಲದ ಮೇಲೆ ಜೋಡಿಸಿದರು. ಮತ್ತೆ ಬೆಂಕಿಕಡ್ಡಿ ಗೀರಿ, ಮುಖ ಹಿಂದಕ್ಕೆಳೆದುಕೊಂಡು, ಉರಿ ಹತ್ತಿಸಿದರು.

ಆ ಮೊದಲ ದಿನದ ಕ್ಯಾಸರೋಲ್ ಸಿಹಿಯಾಗಿತ್ತು. ಸಿಹಿ ಎಂದರೆ ಸುಮ್ಮನೆ ಸಿಹಿಯಲ್ಲ, ಹಲ್ಲು ಜುಮ್ಮೆನ್ನುವ ಸಿಹಿ. ಗೆಳೆಯ ಹೇಳಿದ್ದು ಚಹಾಕ್ಕೆ ಹಾಕುವ ಸಪ್ಪೆ ಹಾಲಿನ ಡಬ್ಬಿ. ಅಪ್ಪಯ್ಯ ತಂದದ್ದು ಸಕ್ಕರೆ ಹಾಕಿ ಮಂದ ಮಾಡಿದ ಹಾಲಿನ ಡಬ್ಬಿ. ಮೇಲೆ ಉಪ್ಪು-ಖಾರದ ಚಿಪ್ಸ್, ಒಳಗೆ ಮೀನು, ಅದರ ಸುತ್ತ ಪಾಯಸ. ನಾನು ತಲೆ ಎತ್ತಿ ನೋಡಿದೆ. ಬೆವರಿದ ಮುಖ, ಸುಟ್ಟ ಹೆಬ್ಬೆರಳು, ನೆಲದ ಮೇಲೆ ಇನ್ನೂ ಹರಡಿಕೊಂಡಿದ್ದ ಪಾತ್ರೆಗಳು. ‘ಹ್ಯಾಂಗಿತ್ತ್?’ ಎಂದು ಕೇಳಿದರು. ‘ಲಾಯ್ಕ್ ಇತ್ತ್’ ಎಂದೆ. ಏಳು ವರ್ಷಕ್ಕೆ ನಾನು ಹೇಳಿದ ಮೊದಲ ದೊಡ್ಡ ಸುಳ್ಳು ಅದಿರಬೇಕು. ಸುಳ್ಳಿಗೆ ಶಿಕ್ಷೆಯೂ ಸಿಕ್ಕಿತು: ವಾರಕ್ಕೆ ಮೂರು ದಿನದಂತೆ ನಾಲ್ಕು ತಿಂಗಳು ಅದೇ ಸಿಹಿ ಮೀನು.

ವಿಚಿತ್ರವೆಂದರೆ ಎರಡನೇ ತಿಂಗಳಿಗೆ ಅದು ನನಗೆ ನಿಜವಾಗಿಯೂ ಇಷ್ಟವಾಗತೊಡಗಿತು. ಇನ್ನೊಂದು ನೆನಪೂ ಇದೆ. ಬಡಿಸುವ ಮೊದಲು ಅಪ್ಪಯ್ಯ ನನ್ನ ತಟ್ಟೆಯಲ್ಲಿದ್ದ ಪ್ರತಿಯೊಂದು ಮೀನಿನ ಚೂರನ್ನೂ ಹೆಬ್ಬೆರಳು ತೋರುಬೆರಳಿನ ನಡುವೆ ಒತ್ತಿ ಒತ್ತಿ ನೋಡುತ್ತಿದ್ದರು. ಆಮೇಲೆ ತಟ್ಟೆಯನ್ನು ನನ್ನೆಡೆಗೆ ತಳ್ಳಿ, ಪ್ರತಿ ಸಲವೂ ಅದೇ ಮಾತು: ‘ಮುಳ್ಳಿಲ್ಲೆ. ನಾ ಕಂಡಾಯ್ತ್. ಉಣ್ಣ್.’ ಡಬ್ಬಿಯ ಟ್ಯೂನಾದಲ್ಲಿ ಮುಳ್ಳು ಎಲ್ಲಿಂದ ಬರಬೇಕು ಹೇಳಿ! ನನಗೆ ಅದು ಆಟದಂತೆ ಕಾಣುತ್ತಿತ್ತು. ಅವರು ಆ ಮಾತು ಹೇಳದೆ ನಾನು ಬಾಯಿ ತೆರೆಯುತ್ತಿರಲಿಲ್ಲ. ಹೇಳಿದ ಮೇಲೆ ತಟ್ಟೆಯನ್ನು ನೋಡುತ್ತಲೂ ಇರಲಿಲ್ಲ.

ಅಮ್ಮ ಎಳೆಮಗುವಿನ ಜೊತೆ ಹಿಂತಿರುಗಿದ ದಿನ ನಾವು ಹೆಮ್ಮೆಯಿಂದ ಅದನ್ನೇ ಮಾಡಿ ಬಡಿಸಿದೆವು. ಅಮ್ಮ ಒಂದು ಚಮಚ ಬಾಯಿಗಿಟ್ಟು ಸ್ವಲ್ಪ ಹೊತ್ತು ಗೋಡೆ ನೋಡಿದಳು. ‘ಇದೆಂತದ್, ಮೀನಿನ್ ಪಾಯ್ಸ್ವಾ?’ ಎಂದಳು. ಮರುದಿನ ಕಾವಲಿ, ಬಾಣಲೆ, ಜರಡಿ ಎಲ್ಲ ಓವನ್ ಒಳಗೆ ಹೋದವು. ಅಲ್ಲಿಗೆ ನಮ್ಮ ಕ್ಯಾಸರೋಲ್ ಖಲಾಸ್.

ಇಷ್ಟೆಲ್ಲ ನೆನಪಾಗುವಷ್ಟರಲ್ಲಿ ನಾನು ಒಲೆಗಿಟ್ಟ ಮ್ಯಾಕರೋನಿ ಬೆಂದಿತ್ತು. ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಈ ಸಲ ಸರಿಯಾದ ಹಾಲನ್ನೇ ಹಾಕಿದೆ. ಚಿಪ್ಸ್ ಪುಡಿಮಾಡಿ ಉದುರಿಸಿ, ಮೇಲ್ಪದರ ಕೆಂಪಗಾಗುವವರೆಗೆ ಬೇಯಿಸಿ ಮೇಜಿನ ಮೇಲಿಟ್ಟೆ. ಅಪ್ಪಯ್ಯ ಬಗ್ಗಿ ಮೂಸಿದರು. ತಟ್ಟೆ ಮುಂದೆ ಹಿಡಿದರು. ಒಂದು ತುತ್ತು ತಿಂದು, ‘ಸಿಹಿ ಹಾಕ್ಲಿಲ್ಯಾ?’ ಎಂದರು.

ನಾನು ಬಡಿಸುವ ಸೌಟನ್ನು ಹಾಗೇ ಹಿಡಿದು ನಿಂತೆ. ‘ಅದು ಸಿಹಿ ಅಂತ ನಿಮಗೆ ಗೊತ್ತಿತ್ತಾ?’

‘ನಂಗೆಂತ ನಾಲ್ಗಿ ಇಲ್ಯಾ? ಮರುದಿನವೇ ಆ ಫಿಲಿಪಿನೋ ಹೇಳಿದ, ಆ ಹಾಲಲ್ಲ ಅಂದೇಳಿ. ನೀ ಲಾಯ್ಕ್ ಇತ್ತ್ ಅಂದಿದ್ಯಲ್ದಾ? ಅದ್ಕೇ ಬದ್ಲ್ ಮಾಡ್ಲಿಲ್ಲೆ.’

ಅಂದರೆ ನಾಲ್ಕು ತಿಂಗಳು ನಾನು ಅವರಿಗೋಸ್ಕರ ತಿಂದೆ, ಅವರು ನನಗೋಸ್ಕರ ತಿಂದರು. ನಾನು ನಕ್ಕೆ. ನನ್ನ ಮಗಳು ಧೃತಿ, ಹತ್ತು ವರ್ಷದವಳು, ಏನೂ ಅರ್ಥವಾಗದೆ ಅವಳೂ ನಕ್ಕಳು. ಅವಳ ಕಣ್ಣು ಮಾತ್ರ ಅಜ್ಜನ ತಟ್ಟೆಯ ಮೇಲಿತ್ತು. ‘ಅಜ್ಜ, ವೈ ಆರ್ ಯೂ ಡೂಯಿಂಗ್ ದಟ್? ಅದು ಟ್ಯೂನಾ. ಮುಳ್ಳು ಇಲ್ಲ’ ಎಂದಳು.

ಆಗ ನಾನೂ ನೋಡಿದೆ. ಅಪ್ಪಯ್ಯ ಚಮಚ ಬದಿಗಿಟ್ಟಿದ್ದರು. ತಟ್ಟೆಯ ಕಡೆ ನೋಡದೆ, ಎದುರಿನ ಗೋಡೆಯನ್ನು ನೋಡುತ್ತ, ಮೀನಿನ ಪ್ರತಿ ಚೂರನ್ನೂ ಹೆಬ್ಬೆರಳು ತೋರುಬೆರಳಿನ ನಡುವೆ ಒತ್ತಿ ಒತ್ತಿ ನೋಡುತ್ತಿದ್ದರು. ಮಗಳ ಮಾತಿಗೆ ತಪ್ಪು ಮಾಡಿ ಸಿಕ್ಕಿಬಿದ್ದವರಂತೆ ಕೈ ಹಿಂದಕ್ಕೆಳೆದುಕೊಂಡರು. ಮತ್ತೆ ಎರಡು ಸಲ ಬಡಿಸಿಕೊಂಡು ಉಂಡರು. ಒಂದು ತಿಂಗಳಿಂದ ನನ್ನ ಮನೆಯಲ್ಲಿ ಅವರು ಹಸಿದು ಕೂತಿದ್ದರು. ನಾನು ನನ್ನ ಕೈರುಚಿಯ ಮಾನ ಕಾಯುವುದರಲ್ಲಿದ್ದೆ.

ಮಗಳು ಎದ್ದುಹೋದ ಮೇಲೆ ಕೇಳಿದೆ. ‘ಅಪ್ಪಯ್ಯ, ಕಣ್ಣು ಕಾಣೂದಿಲ್ವಾ?’

‘ಕಾಂತ್. ಸಣ್ಣದ್ದ್ ಕಾಂತಿಲ್ಲೆ’ ಎಂದರು. ತಟ್ಟೆಯನ್ನು ಬದಿಗೆ ಸರಿಸಿ ಹೇಳಿದರು: ‘ನಿನ್ನಮ್ಮ ಇದ್ದಷ್ಟ್ ದಿನ ಮುಳ್ಳ್ ತೆಗ್ದ್ ತೆಗ್ದ್ ಕೊಡ್ತಿದ್ಲ್. ಈಗ ಯಾರಿಗ್ ಹೇಳೂದ್? ನಾ ತಿಂಬುಕೆ ಹೋಯಿ, ಗಂಟ್ಲಲ್ಲಿ ಸಿಕ್ಕಿ, ಆ ಧೃತಿ ಹೆಣ್ಣಿನ ಎದ್ರಿಗೆ ಕೆಮ್ಮಿ... ಹೆದರ್ಕಣತ್ತ್ ಅದ್.’

ಒಂದು ಮಗುವಿಗೋಸ್ಕರ ಅವರು ಮೀನು ಬಿಟ್ಟದ್ದು ಇದು ಎರಡನೆಯ ಸಲ. ನನ್ನ ಗಂಡನ ಮಾತೂ ಪೂರ್ತಿ ಸುಳ್ಳಲ್ಲ, ನೆನಪಾದದ್ದು ಅಮ್ಮನ ಕೈಯೇ. ಅದರ ರುಚಿಯಲ್ಲ ಅಷ್ಟೇ. ನಾನು ಸಿಂಕಿನ ಕಡೆ ತಿರುಗಿ, ತೊಳೆದ ಪಾತ್ರೆಯನ್ನೇ ಇನ್ನೊಮ್ಮೆ ತೊಳೆದೆ. ಅತ್ತದ್ದು ಅವರಿಗೆ ಕಾಣಲಿಲ್ಲ. ಕಂಡಿದ್ದರೂ ಕಂಡೆ ಎನ್ನುವವರಲ್ಲ.

ಕಣ್ಣಿನ ಡಾಕ್ಟರ ಹತ್ತಿರ ದಿನ ಗೊತ್ತುಮಾಡಿದ್ದಾಯಿತು. ಆದರೆ ಅದಕ್ಕೆ ಮೊದಲು ಇನ್ನೊಂದು ಶುಕ್ರವಾರವಿತ್ತು. ಬೆಳಿಗ್ಗೆಯೇ ಮಾರ್ಕೆಟ್ಟಿಗೆ ಹೋಗಿ ಭೂತಾಯಿ ತಂದೆ. ಕೊತ್ತಂಬರಿ, ಮೆಣಸು, ಹುಳಿ, ಕಾಯಿ ಅರೆದು ಅಮ್ಮನ ಅಳತೆಯಲ್ಲೇ ಸಾರು ಮಾಡಿದೆ. ಊಟಕ್ಕೆ ಕೂತಾಗ ಯಾವಾಗಲೂ ಅಪ್ಪಯ್ಯನ ಎದುರು ಕೂರುವವಳು ಆ ದಿನ ಅವರ ಪಕ್ಕದ ಕುರ್ಚಿಗೆ ಬಂದೆ. ಅವರು ‘ಬ್ಯಾಡ’ ಎನ್ನಲು ಬಾಯಿ ತೆರೆಯುವ ಮೊದಲೇ ಒಂದು ಮೀನನ್ನು ನನ್ನ ತಟ್ಟೆಗೆ ಹಾಕಿಕೊಂಡು, ನಡುಮುಳ್ಳನ್ನು ಎಳೆದು ತೆಗೆದು, ಉಳಿದದ್ದನ್ನು ಚೂರು ಚೂರಾಗಿ ಒತ್ತಿ ನೋಡಿದೆ. ಕೂದಲಿನಷ್ಟು ಸಣ್ಣ ಮುಳ್ಳುಗಳು. ನನಗೂ ಕನ್ನಡಕ ಬೇಕಾಯಿತು. ಮಗಳು ಓಡಿ ತಂದುಕೊಟ್ಟಳು. ಅನ್ನದ ಮೇಲೆ ಸಾರು ಹಾಕಿ, ಮೀನು ಬೆರೆಸಿ, ತಟ್ಟೆಯನ್ನು ಅವರೆಡೆಗೆ ತಳ್ಳಿದೆ.

‘ಮುಳ್ಳಿಲ್ಲೆ ಅಪ್ಪಯ್ಯ. ನಾ ಕಂಡಾಯ್ತ್. ಉಣ್ಣಿ.’

ಅಪ್ಪಯ್ಯ ಒಂದು ಕ್ಷಣ ನನ್ನ ಮುಖದ ಕಡೆ ತಿರುಗಿದರು. ಆಮೇಲೆ ಬೆರಳಾಡಿಸಿ ನೋಡದೆ, ತುತ್ತನ್ನು ಹಾಗೆಯೇ ಬಾಯಿಗೆ ಹಾಕಿಕೊಂಡರು.