ತೊಟ್ಟಿಲಿನ ಕಟ್ಟಿಗೆಯ ಗಿಟಾರು

ಠಾಣಾ ಕುಶನೂರದಲ್ಲಿ ಬಸ್ಸು ನಿಂತಾಗ ಜನ ಗಂಟುಮೂಟೆ, ಸುತ್ತಿದ ಹಾಸಿಗೆ, ತೂಕಡಿಸುವ ಮಕ್ಕಳನ್ನು ಎತ್ತಿಕೊಂಡು ಹತ್ತತೊಡಗಿದರು. ಬೀದರಿಗೆ ಹೋಗಿ, ಅಲ್ಲಿಂದ ಹೈದರಾಬಾದಿಗೋ ಪುಣೆಗೋ ರೈಲು ಹಿಡಿಯುವವರು. ಮಳೆ ಕೈಕೊಟ್ಟ ಮೇಲೆ ಔರಾದ ಕಡೆಯ ಈ ಬಸ್ಸು ಬೀದರಿಗೆ ಹೋಗುವಾಗ ತುಂಬಿರುತ್ತಿತ್ತು, ಬರುವಾಗ ಬಿಸಿಲನ್ನಷ್ಟೇ ಹೊತ್ತು ಬರುತ್ತಿತ್ತು. ಕಂಡಕ್ಟರ್ ಮಾಣಿಕ ಒಬ್ಬ ಮುದುಕಿಯ ಹಿತ್ತಾಳೆ ಕೊಡವನ್ನು ಸೀಟಿನ ಕೆಳಗೆ ತಳ್ಳುತ್ತಿದ್ದಾಗ ಹೆಂಡತಿ ಮೀರಾಬಾಯಿಯ ಫೋನು ಬಂತು.

“ವಿಶಾಖಾ ಬರ್ಲತ್ತಾಳರಿ. ಪುಣೇದಾಗ ಅಳಿಯಾ ಅವರ ಕೆಲಸ ಬಂದ್ ಆಗ್ಯಾದಂತ. ತಗಡಿನ ಪತ್ರಾದ ಶೆಡ್ಡಿನಾಗ ಬಸರಿ ಹೆಂಗಸು ಎಷ್ಟಂತ ಕೂಡ್ತಾಳ? ಹೆರಿಗಿ ಇಲ್ಲೇ.”

“ನೀರು?”

“ನೀರಿಂದು ನಾ ನೋಡ್ಕೋತೀನಿ. ಅತ್ತಿ ಹೇಳ್ಲತ್ತಾರ, ಮ್ಯಾಲಿನ ಖೋಲ್ಯಾಗಿಂದ ತೊಟ್ಲಾ ಇಳಿಸಿ ಒರಸಿ ಇಡಬೇಕಂತ. ನೀವು ಬಂದ ಮ್ಯಾಲೆ ಇಳಸ್ರಿ.”

ಮಾಣಿಕ ಹೂಂ ಎಂದು ಫೋನನ್ನು ಜೇಬಿಗೆ ಹಾಕಿ ಸೀಟಿ ಊದಿದ. ಅರ್ಧ ಜನ ಇನ್ನೂ ಕೆಳಗೇ ಇದ್ದರು. ಡ್ರೈವರ್ ಹಿಂದಕ್ಕೆ ಹೊರಳಿ ಅವನ ಮುಖ ನೋಡಿದ.

ಮೇಲಿನ ಕೋಣೆಯಲ್ಲಿ ತೊಟ್ಟಿಲು ಇರಲಿಲ್ಲ. ಅದರ ಕಟ್ಟಿಗೆಯಿಂದ ಮಾಡಿದ ಗಿಟಾರು ಇತ್ತು.

ಗಿಟಾರು ಮಾಡುವ ಹುಚ್ಚು ಮಾಣಿಕನಿಗೆ ಬಸ್ಸಿನಿಂದಲೇ ಹತ್ತಿದ್ದು. ಹಿಂದೊಮ್ಮೆ ಭಾಲ್ಕಿಯಲ್ಲಿ ಇಳಿದವರಾರೋ ಒಂದು ಒಡೆದ ಗಿಟಾರನ್ನು ಸೀಟಿನ ಮೇಲೆ ಬಿಟ್ಟು ಹೋಗಿದ್ದರು. ಕೇಳುವವರಿಲ್ಲದೆ ಡಿಪೋದ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಅದನ್ನು ಅವನು ಮನೆಗೆ ತಂದು ಬಿಚ್ಚಿದ. ಒಳಗೆ ಏನೂ ಇರಲಿಲ್ಲ. ತೆಳ್ಳನೆಯ ಹಲಗೆಗಳು, ಅವಕ್ಕೆ ಆಸರೆಯಾಗಿ ಎಲುಬಿನಂಥ ಕೆಲವು ಪಟ್ಟಿಗಳು, ಮತ್ತೆ ಬರೀ ಗಾಳಿ. ಇಷ್ಟರಿಂದ ಅಂಥ ನಾದ ಹೇಗೆ ಬರುತ್ತದೆ ಎಂಬುದೇ ಅವನನ್ನು ಹಿಡಿದು ಕೂರಿಸಿತು. ಬೀದರಿನ ಮೈಲೂರಿನಲ್ಲಿದ್ದ ತನ್ನ ಮನೆಯ ಮಾಳಿಗೆ ಮೇಲಿದ್ದ ತಗಡಿನ ಕೋಣೆಯಲ್ಲಿ, ರಜೆ ಇದ್ದಾಗಲೆಲ್ಲ ಕುಳಿತು, ಅವನು ಚಿಕ್ಕ ಗಿಟಾರುಗಳನ್ನು ಮಾಡತೊಡಗಿದ. ಮಗು ತೊಡೆಯ ಮೇಲಿಟ್ಟುಕೊಳ್ಳುವಷ್ಟು ಚಿಕ್ಕವು. ಮುಖದ ಹಲಗೆಗೆ ಯಂತ್ರಗಳ ಪ್ಯಾಕಿಂಗ್ ಪೆಟ್ಟಿಗೆಯ ಬಿಳಿ ಕಟ್ಟಿಗೆ. ಅಂಟು ಒಣಗುವ ತನಕ ಅಂಚುಗಳನ್ನು ಹಿಡಿದಿಡಲು ಬಟ್ಟೆಗೆ ಹಾಕುವ ಕ್ಲಿಪ್ಪು, ಸುತ್ತಿ ಬಿಗಿಯಲು ಸೈಕಲ್ ಟ್ಯೂಬು. ಮೊದಲನೆಯದು ತಂತಿ ಬಿಗಿಯುತ್ತಲೇ ಮಡಚಿಕೊಂಡಿತು. ಮೂರನೆಯದನ್ನು ಓಣಿಯ ಭಜನೆಯವರು ಒಯ್ದು ಇಂದಿಗೂ ಬಾರಿಸುತ್ತಾರೆ.

ಬೆನ್ನಿಗೆ ಮತ್ತು ಪಕ್ಕೆಗಳಿಗೆ ಮಾತ್ರ ಅವನಿಗೆ ಬೇಕಾದ ಕಟ್ಟಿಗೆ ಸಿಗುತ್ತಿರಲಿಲ್ಲ. ಹಸಿ ಕಟ್ಟಿಗೆ ಸೊಟ್ಟಗಾಗುತ್ತದೆ. ವರ್ಷಗಟ್ಟಲೆ ಒಣಗಿ, ಇನ್ನು ಅಲುಗಾಡುವುದಿಲ್ಲ ಎಂದು ತೀರ್ಮಾನಿಸಿ ಕುಳಿತ ಕಟ್ಟಿಗೆ ಬೇಕು. ಅಂಥದ್ದು ಅವನ ತಲೆಯ ಮೇಲೇ, ಹಗ್ಗ ಕಟ್ಟಿ ತೂಗುಹಾಕಿದ್ದೇ ಇತ್ತು: ಅಜ್ಜನ ಕಾಲದ ತೇಗದ ತೊಟ್ಟಿಲು. ಬೆರಳಿನಿಂದ ತಟ್ಟಿದರೆ ಗಂಟೆಯಂತೆ ದನಿ ಕೊಡುತ್ತಿತ್ತು.

ದೀಪಾವಳಿ ಕಳೆದ ಮೇಲೆ ಮೀರಾಬಾಯಿಯೇ ಮಗಳಿಗೆ ಫೋನಿನಲ್ಲಿ ಹೇಳಿದ್ದಳು, ಬಾಣಂತನಕ್ಕ ಇಲ್ಲಿ ಬರಬ್ಯಾಡ, ಟ್ಯಾಂಕರ್ ನೀರಿನಾಗ ಕೂಸಿನ ಬಟ್ಟಿ ಹ್ಯಾಂಗ ಒಗೀಬೇಕು, ಪುಣೇದಾಗೇ ಇರು ಅಂತ. ಮಗಳು ಅತ್ತು ಒಪ್ಪಿದ್ದಳು. ಈ ಮನೆಯಲ್ಲಿ ಇನ್ನು ತೊಟ್ಟಿಲಿನ ಕೆಲಸ ಮುಗಿಯಿತು ಎಂದು ಮಾಣಿಕ ತಿಳಿದ. ಹುಟ್ಟುವ ಕೂಸಿಗೇ ಇದರಿಂದ ಒಂದು ಗಿಟಾರು ಮಾಡಿದರೆ ತೊಟ್ಟಿಲು ಎಲ್ಲಿ ಹೋದಂತಾಯಿತು? ಹಾಗೆಂದು ತನಗೆ ತಾನೇ ಹೇಳಿಕೊಂಡು ಬಿಚ್ಚಿದ. ಪಕ್ಕೆಗಳನ್ನು ಬಗ್ಗಿಸುವ ಮುನ್ನ ನೆನೆಹಾಕಬೇಕು. ನೀರು ಹೆಚ್ಚು ಖರ್ಚಾಗದಂತೆ, ಒಂದು ಬಾಯಿ ಮುಚ್ಚಿದ ಕೊಳವೆಯಲ್ಲಿ ಅವನ್ನು ನಿಲ್ಲಿಸಿದ. ಚಹದ ಬಣ್ಣಕ್ಕೆ ತಿರುಗಿದ ಆ ನೀರಿನಿಂದ ಮೀರಾಬಾಯಿ ಪಡಸಾಲೆ ಒರೆಸಿದಳು. ಯಾವ ಕಟ್ಟಿಗೆಯ ನೀರೆಂದು ಆಕೆ ಕೇಳಲಿಲ್ಲ.

ಅವನ ತಾಯಿ ಜಿಜಾಬಾಯಿಗೆ ಮೊದಲು ಹುಟ್ಟಿದ ಎರಡು ಕೂಸುಗಳು ಉಳಿದಿರಲಿಲ್ಲ. ಮೂರನೆಯವನು ಮಾಣಿಕ. ಆಗ ಆಕೆಯ ಮಾವ ಆ ತೊಟ್ಟಿಲನ್ನು ಮಾಡಿಸಿ ತಂದರು, ಅದರಲ್ಲಿ ಮಲಗಿದ ಕೂಸು ಬದುಕಿತು. ಎಪ್ಪತ್ತೆರಡರ ಬರಗಾಲದಲ್ಲಿ ಔರಾದ ಕಡೆಯ ಹಳ್ಳಿ ಬಿಟ್ಟು ಕಲ್ಲು ಒಡೆಯಲು ಹೊರಟಾಗ ಆಕೆ ಬೀಸುವ ಕಲ್ಲನ್ನು ಬಿಟ್ಟಳು, ಹಂಡೆಯನ್ನು ಬಿಟ್ಟಳು. ಕೂಸನ್ನು ಬೆನ್ನಿಗೆ ಕಟ್ಟಿ ತೊಟ್ಟಿಲನ್ನು ತಲೆಯ ಮೇಲೆ ಹೊತ್ತು ಬೀದರಿನವರೆಗೆ ನಡೆದಳು. ಈ ಕಥೆಯನ್ನು ಮಾಣಿಕ ಎಷ್ಟು ಸಲ ಕೇಳಿದ್ದನೆಂದರೆ, ಅದು ಕಿವಿಗೆ ಬೀಳುವುದೇ ನಿಂತುಹೋಗಿತ್ತು. ಅವರದು ಬುದ್ಧನ ಪಟ ಇರುವ, ಶಕುನ ನಂಬದ ಮನೆ. ಬೆಕ್ಕು ಅಡ್ಡ ಹೋಯಿತೆಂದು ಬಸ್ಸು ನಿಲ್ಲಿಸಲು ಹೇಳುವವರನ್ನು ಅವನು ನಗಾಡಿ ಕೂರಿಸುತ್ತಿದ್ದ. ಆದರೆ ಅಂದು ಠಾಣಾ ಕುಶನೂರದಿಂದ ಬೀದರಿನವರೆಗೆ ಆ ಕಥೆ ಒಂದೊಂದೇ ಮಾತಾಗಿ ಕಿವಿಗೆ ಬಿತ್ತು.

ಮರುದಿನ ಅವನು ಬಡಿಗ ಶರಫೋದ್ದೀನನ ಅಂಗಡಿಗೆ ಹೋದ. ಕಟ್ಟಿಗೆ ಕೆತ್ತಿ ನಯ ಮಾಡುವ ರಂದಾ ಹಿಡಿಯುವುದನ್ನು ಅವನಿಗೆ ಕಲಿಸಿದವನು ಶರಫೋದ್ದೀನನೇ.

“ಅದೇ ಥರದ್ದು ಒಂದು ಮಾಡಿ ಕೊಡು. ಅವ್ವಗ ಕಣ್ಣು ಮಂದ ಆಗ್ಯಾವ, ಗೊತ್ತಾಗಲ್ಲ.”

ಶರಫೋದ್ದೀನ ಬೀಡಿ ಕೆಳಗಿಟ್ಟ. “ಮಾಣಿಕಭಾಯ್, ಹೊಸಾ ತೊಟ್ಲಾ ಕೇಳು, ನಾಳಿಗೇ ಕೊಡ್ತೇನಿ. ಹಳೇ ತೊಟ್ಲಾ ಕೇಳಬ್ಯಾಡ. ಕೂಸುಗೋಳು ಕಚ್ಚಿದ್ದು, ಎಣ್ಣಿ ಕುಡದದ್ದು, ಅದೆಲ್ಲಾ ನಾ ಎಲ್ಲಿಂದ ತರ್ಲಿ? ನಿಮ್ಮವ್ವ ಕಣ್ಣಿಲೆ ನೋಡ್ತಾಳ ಅಂದ್ಕೊಂಡೀದಿ ಏನು?”

“ಮತ್ತ ಏನ್ ಮಾಡ್ಲಿ?”

“ಹೇಳು. ಬೈತಾಳ. ಬೈಸ್ಕೊಂಡ್ರ ಆಯ್ತು.”

ಬೈಗುಳಕ್ಕೆ ಮಾಣಿಕ ಹೆದರಿರಲಿಲ್ಲ. ತಾಯಿ ಬಾಯಿಬಿಟ್ಟು ಒಂದು ಮಾತು ಹೇಳಿಬಿಟ್ಟರೆ? ತೊಟ್ಟಿಲು ಮುರಿದವನ ಮನೆಗೆ ಕೂಸು ನಿಲ್ಲುವುದಿಲ್ಲ ಎಂಬ ಮಾತು. ಅದು ಅವನೊಳಗೆ ಆಗಲೇ ಹುಟ್ಟಿಕೊಂಡಿತ್ತು, ಇನ್ನೊಬ್ಬರ ಬಾಯಿಯಿಂದ ಕೇಳುವುದಷ್ಟೇ ಬಾಕಿ.

ವಿಶಾಖಾ ಬಂದಾಗ ಆಕೆಯ ಕಾಲು ಊದಿಕೊಂಡು ಚಪ್ಪಲಿಯ ಪಟ್ಟಿ ಚರ್ಮದಲ್ಲಿ ಹೂತಿತ್ತು. ದವಾಖಾನೆಯಲ್ಲಿ ಡಾಕ್ಟರಮ್ಮ ರಕ್ತದೊತ್ತಡ ನೋಡಿ, ಇನ್ನೊಮ್ಮೆ ನೋಡಿ, ಕೂಸು ದಿನಕ್ಕೆ ತಕ್ಕಷ್ಟು ಬೆಳೆದಿಲ್ಲ, ಮಲಗಿಯೇ ಇರಬೇಕು ಎಂದರು. ಮಾಣಿಕ ಮಗಳ ಚೀಲ ಹಿಡಿದು ಗೋಡೆಗೆ ಒರಗಿ ನಿಂತಿದ್ದ.

ಮನೆಗೆ ಬಂದ ಆ ಮಧ್ಯಾಹ್ನವೇ ಮೇಲಿನಿಂದ ಸದ್ದು ಕೇಳಿತು. ಟಪ್. ಒಣಗಿದ ತೊಗರಿ ಕಾಯಿ ಸಿಡಿದಂತೆ.

“ಏನದು ಅಪ್ಪಾ?” ಎಂದಳು ವಿಶಾಖಾ.

“ಪತ್ರಾ. ಬಿಸಲಿಗಿ ಹಿಗ್ಗತದ.”

ಅವನು ಮೆಟ್ಟಿಲನ್ನು ಮೆಲ್ಲಗೆ ಹತ್ತಿದ. ತಗಡಿನ ಕೋಣೆ ಕಾದ ಹಂಚಿನಂತಿತ್ತು. ಗಿಟಾರಿನ ಬೆನ್ನಿನಲ್ಲಿ, ನಡುವಿನ ಕೂಡುಗೆರೆಯ ಪಕ್ಕದಲ್ಲಿ, ಕೂದಲೆಳೆಯಂಥ ಬಿರುಕು ಬಿಟ್ಟಿತ್ತು. ಅಷ್ಟು ವರ್ಷ ಅಲುಗದ ಕಟ್ಟಿಗೆಯೂ ಅವನು ತೆಳ್ಳಗೆ ಮಾಡಿದ ಮೇಲೆ ಆ ವರ್ಷದ ಗಾಳಿಯನ್ನು ತಾಳಲಿಲ್ಲ. ಗಾಳಿಯಲ್ಲಿ ತೇವವೇ ಇರಲಿಲ್ಲ. ಕಾರಣ ಅವನಿಗೆ ಗೊತ್ತಿತ್ತು. ಕಾರಣ ಗೊತ್ತಿದ್ದರೂ ಬಿರುಕಿನ ಉದ್ದವನ್ನು ಬೆರಳಿನಿಂದ ಎರಡು ಸಲ ಅಳೆದ. ಮಗಳು ಹೊಸ್ತಿಲು ದಾಟಿದ ದಿನವೇ ಬಿರುಕು ಬಿಡಬೇಕೆ?

ಅಂದಿನಿಂದ ಅವನು ಒಂದು ಗೋಣಿಚೀಲವನ್ನು ಒದ್ದೆ ಮಾಡಿ ಗಿಟಾರಿನ ಕೆಳಗೆ ತೂಗುಹಾಕತೊಡಗಿದ. ಬಿರುಕು ಇನ್ನಷ್ಟು ಓಡದಿದ್ದರೆ ಎಲ್ಲ ನೆಟ್ಟಗಾಗುತ್ತದೆ ಎಂದು ಯಾರೊಂದಿಗೋ ಕರಾರು ಮಾಡಿಕೊಂಡವನಂತೆ. ಮನೆಯ ನೀರನ್ನು ಮುಟ್ಟಲು ಮನಸ್ಸು ಬಾರದೆ ತನ್ನ ಸ್ನಾನದ ನೀರನ್ನೇ ಮೇಲೆ ಒಯ್ಯುತ್ತಿದ್ದ.

“ಬಸ್ಸಿನಾಗ ನಿಮ್ಮ ಬಾಜೂಕ ಜನ ಹ್ಯಾಂಗ ಕೂಡ್ತಾರರಿ?” ಎಂದಳು ಮೀರಾಬಾಯಿ ಒಂದು ದಿನ, ಮೂಗು ಹಿಂಡಿ.

“ಕಂಡಕ್ಟರ್ ನಿಂತೇ ಇರ್ತಾನ.”

ಹಾಸಿಗೆಯಲ್ಲಿದ್ದ ವಿಶಾಖಾ ನಕ್ಕಳು. ನಗುವಾಗ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು. ಆ ಕೈಯನ್ನು ನೋಡಿ ಮಾಣಿಕ ಎದ್ದು ಹೊರಗೆ ಹೋದ.

ದಿನ ತುಂಬುವ ಮುಂಚೆಯೇ ಕೂಸು ಹುಟ್ಟಿತು. ಹೆಣ್ಣು. ಅಂಗೈಗಿಂತ ಸ್ವಲ್ಪ ದೊಡ್ಡದು ಎಂಬಂತಿದ್ದ ಅದನ್ನು ಗಾಜಿನ ಪೆಟ್ಟಿಗೆಯಲ್ಲಿ, ಬಿಸಿ ಬೆಳಕಿನ ಕೆಳಗೆ ಮಲಗಿಸಿದರು. ಮಾಣಿಕನಿಗೆ ಬಾಗಿಲಿನ ಗಾಜಿನಿಂದಲೇ ನೋಡಲು ಬಿಟ್ಟರು. ಅದರ ಪಕ್ಕೆಲುಬುಗಳು ಚರ್ಮದ ಕೆಳಗೆ ಎದ್ದು ಬೀಳುತ್ತಿದ್ದವು. ಅಷ್ಟು ತೆಳ್ಳನೆಯದನ್ನು ಅವನು ನೋಡಿದ್ದು ತನ್ನ ಕೈಕೆಲಸದಲ್ಲಿ ಮಾತ್ರ, ಅದು ಎಷ್ಟು ಸುಲಭವಾಗಿ ಒಡೆಯುತ್ತದೆ ಎಂಬುದೂ ಅವನಿಗೆ ಗೊತ್ತಿತ್ತು. ಕೂಸು ಬಾಯಿ ತೆರೆಯಿತು, ದನಿ ಬರಲಿಲ್ಲ.

“ಅಳಾದೇ ಇಲ್ಲೇನ್ರಿ ಸಿಸ್ಟರ್?”

“ಅಳ್ತದ, ಸಣ್ಣಗ. ಶಕ್ತಿ ಬರ್ಬೇಕ್ರಿ ಅದಕ್ಕ. ಬಂದ ಮ್ಯಾಲೆ ಜೋರ ಅಳ್ತದ. ತೂಕ ಏರ್ಲಿ, ಮನಿಗಿ ಕಳಸ್ತೇವಿ.”

ಅವನು ಸಂಜೆ ಮನೆಗೆ ಬಂದಾಗ ಜಿಜಾಬಾಯಿ ನಡುಮನೆಯ ತೊಲೆಯ ಕೆಳಗೆ ಕುಳಿತು ಮೇಲಿನ ಕಬ್ಬಿಣದ ಕೊಂಡಿಯನ್ನು ನೋಡುತ್ತಿದ್ದಳು.

“ಇವತ್ತರೆ ಇಳಸ್ತೀದೋ ಇಲ್ಲೋ ಮಾಣಿಕ? ದಿನಾ ಒಂದು ನೆವ ಹೇಳ್ತೀದಿ. ಕೂಸು ಬರಾದ್ರಾಗ ತೊಟ್ಲಾ ಕಟ್ಟಿರ್ಬೇಕು. ಜಾಗಾನೇ ಇಲ್ಲಂದ್ರ ಅದು ಎದಕ್ಕ ಬರ್ಬೇಕು?”

ಮಾಣಿಕ ಮೇಲೆ ಹೋಗಿ ಗಿಟಾರನ್ನು ತಂದು ಆಕೆಯ ತೊಡೆಯ ಮೇಲಿಟ್ಟ.

ಜಿಜಾಬಾಯಿಯ ಬೆರಳು ಬೆನ್ನಿನ ಮೇಲೆ ಹರಿದು ಬಿರುಕಿನ ಹತ್ತಿರ ತಡೆದು, ಪಕ್ಕೆಗೆ ಬಂತು. ಅಲ್ಲಿ ಮೊದಲು ಸರಪಳಿಯ ಕೊಂಡಿ ಇದ್ದ ತೂತನ್ನು ಮಾಣಿಕ ಸಣ್ಣ ಗೂಟ ಬಡಿದು ನಯ ಮಾಡಿದ್ದ. ಕಣ್ಣಿಗೆ ಅದು ಕಾಣುತ್ತಿರಲಿಲ್ಲ. ಬೆರಳು ಅಲ್ಲಿಯೇ ನಿಂತಿತು.

“ನನ್ನ ತೊಟ್ಲಾ.”

“ಹೌದವ್ವಾ.”

ಬಾಗಿಲಲ್ಲಿ ಮೀರಾಬಾಯಿ ಊಟದ ಡಬ್ಬಿ ಹಿಡಿದು ನಿಂತುಬಿಟ್ಟಳು. “ನನ್ನ ಕೈಲೇ ಅದರ ನೀರಿಲೆ ಮನಿ ಒರಸಿಸೀರಿ,” ಎಂದಳು ಮೆಲ್ಲಗೆ.

ಜಿಜಾಬಾಯಿ ಗಿಟಾರನ್ನು ಎರಡೂ ಕೈಯಿಂದ ಎತ್ತಿ ತೂಗಿ ನೋಡಿದಳು. ಮಾಣಿಕ, ಕೂಸು ನಿಲ್ಲುವುದಿಲ್ಲ ಎಂಬ ಆ ಮಾತಿಗಾಗಿ ಕಾಯುತ್ತ ನೆಲ ನೋಡುತ್ತಿದ್ದ.

“ಉಳದದ್ದು ಎಲ್ಲದ?”

“ಏನು ಉಳದದ್ದು?”

“ತೊಟ್ಲಾ ಇಷ್ಟೇ ಇತ್ತೇನು? ಇದನ್ನ ಹೊತ್ತಾಕಿ ನಾ. ಇದರ ವಜನ ನನಗ ಗೊತ್ತಿಲ್ಲ?”

“ರಂದಾ ಹೊಡದ ಹೊಟ್ಟು ಆಗ್ಯಾದವ್ವಾ. ಮ್ಯಾಲೆ ಚೀಲದಾಗದ.”

ಬೇರೆ ವರ್ಷವಾಗಿದ್ದರೆ ಅದು ಎಂದೋ ಸ್ನಾನದ ಒಲೆಗೆ ಹೋಗಿರುತ್ತಿತ್ತು. ಈ ವರ್ಷ ಮನೆಯಲ್ಲಿ ಯಾರೂ ನೀರು ಕಾಯಿಸಿ ಮೈ ತುಂಬ ಸುರಿದುಕೊಂಡಿರಲಿಲ್ಲ. ಚೀಲ ಹಾಗೇ ಇತ್ತು.

“ತಾ ಇಲ್ಲಿ. ಮೀರಾ, ಜರಡಿ ಕೊಡು. ನಿಂದೊಂದು ಹಳೇ ಸೀರಿ ಕೊಡು, ಮೆತ್ತಂದು.”

ಅತ್ತೆ ಸೊಸೆ ಇಬ್ಬರೂ ಕುಳಿತು ಹೊಟ್ಟನ್ನು ಜರಡಿ ಹಿಡಿದರು. ಪುಡಿಯನ್ನು ಬೀಳಿಸಿ, ಚುಚ್ಚುವ ಚೂರುಗಳನ್ನು ಆರಿಸಿ ಎಸೆದು, ಈರುಳ್ಳಿ ಸಿಪ್ಪೆಯಂತೆ ಸುರುಳಿಯಾದ ತೆಳ್ಳನೆಯ ಎಸಳುಗಳನ್ನಷ್ಟೇ ಉಳಿಸಿಕೊಂಡರು. ಜಿಜಾಬಾಯಿ ಅವನ್ನು ಸೀರೆಯ ಮಡಿಕೆಯಲ್ಲಿ ತುಂಬಿ, ಕೈಯಂದಾಜಿನ ಮೇಲೆ ಹೊಲಿಗೆ ಹಾಕಿ ಒಂದು ಪುಟ್ಟ ಗಾದಿ ಮಾಡಿದಳು. ಮನೆಯೆಲ್ಲ ತೇಗದ ವಾಸನೆ.

“ನಿನಗ ಮಾಫ್ ಮಾಡೀನಿ ಅಂತ ತಿಳ್ಕೋಬ್ಯಾಡ,” ಎಂದಳು ದಾರ ಕಚ್ಚುತ್ತ. “ಕೂಸು ಅದರ ಕಟಗಿ ಮ್ಯಾಲೆ ಮಲಗಬೇಕು, ಅಷ್ಟೇ. ಈ ಗಿಟಾರ ಮ್ಯಾಲೆ ಒಯ್ಯಬ್ಯಾಡ, ಬಿಸಲಿಗಿ ಸುಟ್ಟು ಹೋಗ್ತದ. ಇಲ್ಲೇ ಗ್ವಾಡಿಗಿ ಹಾಕು.”

ಗಾದಿ ಮಡಚಿಟ್ಟುಕೊಂಡು ಅವರು ಕಾದರು. ಮಾಣಿಕ ಭಾಲ್ಕಿಗೂ ಔರಾದಿಗೂ ಬಸ್ಸಿನಲ್ಲಿ ಓಡಾಡಿದ. ಫೋನು ಅಲುಗಿದಾಗಲೆಲ್ಲ ಟಿಕೇಟು ಕೊಡುವ ಕೈ ನಿಲ್ಲುತ್ತಿತ್ತು. ಸಂಜೆ ಬಂದು ಮೊದಲು ಗೋಡೆಯ ಮೇಲಿನ ಗಿಟಾರಿನ ಬೆನ್ನನ್ನು ಬೆರಳಿನಿಂದ ಮುಟ್ಟಿ ನೋಡುತ್ತಿದ್ದ. ಬಿರುಕು ಮುಂದೆ ಹೋಗಿರಲಿಲ್ಲ, ಕೂಡಿಯೂ ಇರಲಿಲ್ಲ.

ಕೊನೆಗೆ, ತೂಕ ಏರಿದ ಮೇಲೆ, ಕೂಸನ್ನು ಕಳಿಸಿದರು. ಅಳು ಮಾತ್ರ ಇನ್ನೂ ಸಣ್ಣಗೇ ಇತ್ತು. ತೊಲೆಯ ಕೊಂಡಿಗೆ ಸೀರೆ ಕಟ್ಟಿ, ಅದರಲ್ಲಿ ಗಾದಿ ಹಾಸಿ, ಮೇಲೊಂದು ಕೌದಿ ಹಾಕಿ ಮಲಗಿಸಿದರು. ಸೀರೆಯ ಆಳದಲ್ಲಿ ಅದು ಕಾಣುತ್ತಲೇ ಇರಲಿಲ್ಲ. ಮಾಣಿಕ ಬಗ್ಗಿ ಬಗ್ಗಿ ನೋಡುತ್ತಿದ್ದ, ಉಸಿರಾಡುತ್ತಿದೆಯೋ ಎಂದು.

ರಜೆಯ ಒಂದು ಮಧ್ಯಾಹ್ನ ಹೆಂಗಸರು ಅಡುಗೆಮನೆಯಲ್ಲಿದ್ದಾಗ ಅವನು ಪಡಸಾಲೆಯಲ್ಲಿ ಕುಳಿತು ತೂಕಡಿಸುತ್ತಿದ್ದ. ನಡುಮನೆಯಿಂದ ಒಂದು ಸದ್ದು ಬಂತು. ದೂರದ ಜೇನುಗೂಡಿನಂತೆ, ಒಂದೇ ಸಮನೆ ಗುಂಯ್ ಎಂದು. ಬಿರುಕು ಓಡಿತು ಎಂದುಕೊಂಡ. ಎದ್ದು ಒಳಗೆ ಹೋದ.

ಕೂಸು ಅಳುತ್ತಿತ್ತು. ಬಾಯಿ ಪೂರ್ತಿ ತೆರೆದು, ಮುಖ ಕೆಂಪಗೆ ಮಾಡಿಕೊಂಡು, ಜೋರಾಗಿ. ಅಳು ಏರಿದಾಗ ಗೋಡೆಯ ಮೇಲಿನ ಗಿಟಾರಿನ ತಂತಿಗಳು ಯಾರೂ ಮುಟ್ಟದೆಯೇ ನಡುಗಿ ದನಿ ಕೊಡುತ್ತಿದ್ದವು. ಅದು ಉಸಿರು ಎಳೆದುಕೊಳ್ಳಲು ನಿಂತಾಗ ದನಿ ಇನ್ನೂ ಸ್ವಲ್ಪ ಹೊತ್ತು ಉಳಿದು, ಮತ್ತೆ ಅಳು ಬಂದು ಸೇರಿಕೊಳ್ಳುತ್ತಿತ್ತು.

ಅವನು ಕೂಸಿನ ಕಡೆ ಕೈ ಚಾಚಿದ.

“ಎತ್ಕೋಬ್ಯಾಡ,” ಎಂದಳು ಜಿಜಾಬಾಯಿ ಒಳಗಿನಿಂದ. “ಅಳ್ಲಿ ಇನ್ನೊಂದು ಜರಾ.”

ಮಾಣಿಕ ಕೈಯನ್ನು ಗಿಟಾರಿನ ಬೆನ್ನಿನ ಮೇಲಿಟ್ಟ. ಕಟ್ಟಿಗೆ ಅಂಗೈಯ ಕೆಳಗೆ ಜೀವವಿದ್ದಂತೆ ಅದುರುತ್ತಿತ್ತು, ಬಿರುಕಿನ ಈಚೆಗೂ ಆಚೆಗೂ. ಕೂಸು ಅಳು ನಿಲ್ಲಿಸುವ ತನಕ ಅವನು ಕೈ ತೆಗೆಯಲಿಲ್ಲ.