ಹಗ್ಗ ಕಟ್ಟಿದ ಅಡುಗೆಮನೆ

ಲಿಯೊಂಟೀನ್ ಬುಜೋಲ್‌ಗೆ ಎಪ್ಪತ್ತು ದಾಟಿದ್ದರೂ ಸಿಟ್ಟು ಮಾತ್ರ ಹದಿನೇಳರಲ್ಲೇ ನಿಂತಿತ್ತು. ಆ ವಯಸ್ಸಿನಲ್ಲಿ ಸರಕಾರದವರು ಕ್ವಿಬೆಕ್ ಕಡಲತಡಿಯ ಅವಳ ಹಳ್ಳಿಗೆ ಬಂದು, ಇದನ್ನು ರಾಷ್ಟ್ರೀಯ ಉದ್ಯಾನ ಮಾಡುತ್ತೇವೆ, ಎಲ್ಲರೂ ಜಾಗ ಖಾಲಿ ಮಾಡಿ ಎಂದಿದ್ದರು. ಕಾಡು ಉಳಿಯಬೇಕಂತೆ, ಕಡಲಹಕ್ಕಿ ಉಳಿಯಬೇಕಂತೆ. ಅವುಗಳ ಜೊತೆ ತಲೆತಲಾಂತರದಿಂದ ಬಾಳಿದವರು ಮಾತ್ರ ಉಳಿಯಬಾರದಂತೆ!

ಕರೆಂಟು ಹಾಕಿಸಿ, ಗೋಡೆಗೆ ಹೊಸ ಬಣ್ಣ ಬಳಿಸಿದ್ದ ಮನೆಗಳನ್ನೆಲ್ಲ ಕೆಡವಿ ಸುಟ್ಟರು. ಬುಜೋಲರ ಮನೆಯೊಂದನ್ನು ಮಾತ್ರ ಪ್ರವಾಸಿಗಳಿಗೆ ತೋರಿಸಲೆಂದು ಉಳಿಸಿಕೊಂಡರು. ಕರೆಂಟು ಹಾಕಿಸುವಷ್ಟು ಕಾಸು ಲಿಯೊಂಟೀನಳ ಅಪ್ಪನ ಕೈಯಲ್ಲಿ ಯಾವತ್ತೂ ಕೂಡಿಬಂದಿರಲಿಲ್ಲ. ಆ ಬಡತನವೇ ಉದ್ಯಾನದವರ ಕಣ್ಣಿಗೆ ಪರಂಪರೆಯಾಗಿ ಕಂಡಿತು.

ಮನೆ ಬಿಡುವ ದಿನ ಬೆಳಿಗ್ಗೆ ಅವಳ ಅವ್ವ ಮಂಡಿಯೂರಿ ಕೂತು ಅಡುಗೆಮನೆಯ ಹಲಗೆ ನೆಲವನ್ನು ತಿಕ್ಕಿ ತೊಳೆದಳು.

"ಹೊರಗೆ ಹಾಕೋರಿಗೆ ಯಾಕವ್ವಾ ತೊಳೆದು ಕೊಡ್ತೀಯಾ?" ಮಗಳು ಕಿರುಚಿದಳು.

"ಇಲ್ಲಿದ್ದೋಳು ಗಲೀಜು ಹೆಂಗಸು ಅಂತ ಯಾರೂ ಅನ್ನಬಾರದು, ನೋಡು."

ಪೇಟೆಯ ಬಾಡಿಗೆ ಮನೆಯಲ್ಲಿ ಅವ್ವ ಹೆಚ್ಚು ದಿನ ಬಾಳಲಿಲ್ಲ. ಲಿಯೊಂಟೀನ್ ಕಾರ್ಖಾನೆಯಲ್ಲಿ ಕಾಡ್ ಮೀನು ಸೀಳುತ್ತ ಮಕ್ಕಳನ್ನು ಸಾಕಿದಳು, ಗಂಡನನ್ನು ಮಣ್ಣು ಮಾಡಿದಳು, ಮೇಸ್ತ್ರಿಯಿಂದ ಹಿಡಿದು ಪಾದ್ರಿಯವರೆಗೆ ಎಲ್ಲರ ಜೊತೆಗೂ ಜಗಳವಾಡಿದಳು. ಹಳ್ಳಿಯ ಆ ಮನೆಯ ಕಡೆ ಮಾತ್ರ ತಲೆ ಹಾಕಲಿಲ್ಲ.

ಹೋದ ಬೇಸಿಗೆಯಲ್ಲಿ ಮೊಮ್ಮಗಳು ನೊಯೆಮಿಗೆ ಅಲ್ಲೇ ಕೆಲಸ ಸಿಕ್ಕಿತು. ಹಳೇಕಾಲದ ಲಂಗ ತೊಟ್ಟು, ಏಪ್ರನ್ ಕಟ್ಟಿಕೊಂಡು, ಮನೆಯೊಡತಿಯ ಹಾಗೆ ನಟಿಸುತ್ತ ಪ್ರವಾಸಿಗಳಿಗೆ ಕತೆ ಹೇಳಬೇಕು. ಅಂದರೆ ಲಿಯೊಂಟೀನಳ ಅವ್ವನ ವೇಷ.

"ಕತೆ ಕೊನೇಲಿ ಏನು ಹೇಳ್ತೀಯೇ?" ಅಜ್ಜಿ ಕೇಳಿದಳು.

ನೊಯೆಮಿ ಬಾಯಿಪಾಠ ಒಪ್ಪಿಸಿದಳು: "ಆಮೇಲೆ ಕಾಲ ಬದಲಾಯಿತು. ಒಳ್ಳೆಯ ಬದುಕನ್ನು ಹುಡುಕಿಕೊಂಡು ಕುಟುಂಬಗಳು ಊರು ಬಿಟ್ಟು ಹೋದವು."

ಲಿಯೊಂಟೀನಳ ಮೈಯೆಲ್ಲ ಉರಿದುಹೋಯಿತು. "ಯಾವನೇ ಹುಡುಕ್ಕೊಂಡು ಹೋದೋನು? ಬೇರೆ ಯಾರಾದ್ರೂ ಬೊಗಳಿಕೊಳ್ಳಲಿ. ನಮ್ಮವ್ವನ ವೇಷ ಹಾಕ್ಕೊಂಡು ನೀನು ಆ ಮಾತು ಆಡಬಾರದು!"

"ಬರೆದುಕೊಟ್ಟಿದ್ದನ್ನ ಹೇಳದಿದ್ರೆ ಕೆಲಸದಿಂದ ತೆಗೀತಾರೆ ಅಜ್ಜೀ. ಕಾಲೇಜಿಗೆ ನೀನು ಕಳಿಸ್ತೀಯಾ?"

ಕಾಸಿನ ಮಾತು ಬಂದರೆ ಲಿಯೊಂಟೀನಳ ಸಿಟ್ಟು ಇನ್ನೂ ಏರುತ್ತಿತ್ತು. ಭಾನುವಾರ ಚರ್ಚಿನಿಂದ ನೇರವಾಗಿ ಉದ್ಯಾನಕ್ಕೆ ಹೋಗಿ ಪ್ರವಾಸಿಗಳ ಹಿಂದೆ ನಿಂತಳು. ಅವ್ವನ ಅಡುಗೆಮನೆಗೆ ಅಡ್ಡವಾಗಿ ಹಗ್ಗ ಕಟ್ಟಿದ್ದರು. ಅಜ್ಜಿಯನ್ನು ಕಂಡ ನೊಯೆಮಿಯ ನಾಲಿಗೆ ತೊದಲಿತು. ಆದರೂ ಒಲೆಯ ಕಡೆ ಕಣ್ಣು ನೆಟ್ಟು ಆ ಮಾತನ್ನು ಹೇಳಿಯೇಬಿಟ್ಟಳು.

ಲಿಯೊಂಟೀನ್ ಹಗ್ಗ ಎತ್ತಿ ಒಳನುಗ್ಗಿ, ಒಲೆಯ ಪಕ್ಕದ ಕುರ್ಚಿಯಲ್ಲಿ ಧಡಕ್ಕನೆ ಕೂತಳು. ಇದೂ ನಾಟಕದ ಭಾಗವೆಂದುಕೊಂಡು ಇಬ್ಬರು ಪ್ರವಾಸಿಗಳು ಚಪ್ಪಾಳೆ ತಟ್ಟಿದರು.

ಮೇಲ್ವಿಚಾರಕ ಓಡಿಬಂದ. "ಮೇಡಂ, ಎದ್ದೇಳಿ! ಅದು ಸಂರಕ್ಷಿತ ಕುರ್ಚಿ."

"ಕುರ್ಚಿ ಕಾಪಾಡಿದ್ರಿ, ಸಂತೋಷ. ಅದರಲ್ಲಿ ಕೂರ್ತಿದ್ದೋಳನ್ನ ಏನಯ್ಯಾ ಮಾಡಿದ್ರಿ?"

ಅವನು ನೊಯೆಮಿಯ ಕಡೆ ತಿರುಗಿದ. "ಈ ಹೆಂಗಸನ್ನ ಹೊರಗೆ ಕಳಿಸು."

ನೊಯೆಮಿಯ ಮುಖ ಕೆಂಪಾಯಿತು. ಪ್ರವಾಸಿಗಳ ಕಡೆ ತಿರುಗಿ, "ಈ ಹೆಂಗಸು ನಮ್ಮಜ್ಜಿ. ಇದು ಇವರ ಮನೆ. ನಾನು ಆಗ ಹೇಳಿದ್ದು ಸುಳ್ಳು. ಯಾರೂ ತಾವಾಗಿ ಹೋಗಲಿಲ್ಲ. ಓಡಿಸಿ, ಮನೆಗಳಿಗೆ ಬೆಂಕಿ ಇಟ್ಟರು" ಎಂದಳು.

ಮೇಲ್ವಿಚಾರಕ ತಗ್ಗಿದ ದನಿಯಲ್ಲಿ, "ಏಪ್ರನ್ ಬಿಚ್ಚಿಟ್ಟು ಹೊರಡು. ನಾಳೆಯಿಂದ ಬರಬೇಡ" ಎಂದ.

ಕಾರಿನಲ್ಲಿ ಹುಡುಗಿ ದಾರಿಯುದ್ದಕ್ಕೂ ಅತ್ತಳು. ತಾನು ಗೆದ್ದೆನೆಂದು ಬೀಗಬೇಕಿದ್ದ ಲಿಯೊಂಟೀನ್ ತನ್ನ ಕರವಸ್ತ್ರವನ್ನು ಅವಳ ಮಡಿಲಲ್ಲಿಟ್ಟಳು. ಅದೇ ಮನೆಯಿಂದ ಬುಜೋಲರ ವಂಶದ ಇನ್ನೊಬ್ಬ ಹುಡುಗಿಯನ್ನು ಹೊರಗೆ ಹಾಕಿದ್ದರು. ಈ ಸಲ ಹಾಕಿಸಿದವಳು ತಾನೇ.

ಮುಂದಿನ ಭಾನುವಾರದ ಹೊತ್ತಿಗೆ ಮಾಂಟ್ರಿಯಲ್‌ನ ಹುಡುಗಿಯೊಬ್ಬಳು ಆ ಏಪ್ರನ್ ಕಟ್ಟಿಕೊಂಡು, ಒಲೆಯ ಮುಂದೆ ನಿಂತು, ಒಳ್ಳೆಯ ಬದುಕನ್ನು ಹುಡುಕಿಕೊಂಡು ಹೋದವರ ಕತೆಯನ್ನು ಒಂದಕ್ಷರ ಬಿಡದೆ ಹೇಳುತ್ತಿದ್ದಳು.