ಕರುಳಿನ ಆಪರೇಷನ್ ಅಲ್ಲ

ಹಾರನಹಳ್ಳಿಯ ಜವರಯ್ಯನಿಗೆ ಮೈಸೂರಿನ ಆಸ್ಪತ್ರೆಯಲ್ಲಿ ಪ್ರಾಸ್ಟೇಟ್ ಗ್ರಂಥಿಯ ಆಪರೇಷನ್ ಆದದ್ದು ೧೯೬೨ರ ಚಳಿಗಾಲದಲ್ಲಿ. ಅರವತ್ತೈದಾದರೂ ತೆಂಗಿನ ಸಸಿಗಳಿಗೆ ತಾನೇ ನೀರು ಹೊರುತ್ತಿದ್ದ ಗಟ್ಟಿ ಆಳು. ಎರಡು ವರ್ಷದಿಂದ ಮೂತ್ರಕ್ಕೆ ತಿಣುಕುತ್ತಿದ್ದವನು ಯಾರಿಗೂ ಹೇಳಿರಲಿಲ್ಲ. ಒಂದು ದಿನ ಅದು ಪೂರ್ತಿ ಕಟ್ಟಿಹೋಯಿತು. ಅರಸೀಕೆರೆಯಲ್ಲಿ ರೈಲು ಹತ್ತಿಸುವಾಗ ಹಲ್ಲು ಕಚ್ಚಿಕೊಂಡು ನಡುಗುತ್ತಿದ್ದ.

ನಾಲ್ಕು ವಾರದ ಮೇಲೆ ಮನೆಗೆ ಬಂದ. ಮೂತ್ರಕ್ಕೆ ಹಾಕಿದ್ದ ರಬ್ಬರ್ ಕೊಳವೆ ತೆಗೆದಿದ್ದರು. ಆದರೆ ಕೆಮ್ಮಿದರೆ, ಎದ್ದರೆ, ಪಂಚೆ ಒದ್ದೆಯಾಗುತ್ತಿತ್ತು. ಕೆಲವು ತಿಂಗಳಲ್ಲಿ ಸರಿಹೋಗುತ್ತದೆ, ನೀರು ಚೆನ್ನಾಗಿ ಕುಡಿ, ಓಡಾಡಬೇಡ ಎಂದಿದ್ದರು ಡಾಕ್ಟರು.

ಅವನನ್ನು ಉರಿಸಿದ್ದು ಅದಲ್ಲ. ಮಗ ಚನ್ನಪ್ಪ ಊರಿಗೆಲ್ಲ "ಅಪ್ಪಂಗೆ ಕರುಳಿನ ಆಪರೇಷನ್" ಎಂದು ಹೇಳಿಬಿಟ್ಟಿದ್ದ. ಹೆಂಡತಿ ಬೋರಮ್ಮ ಅವನ ಬಟ್ಟೆಗಳನ್ನು ಹುಲ್ಲಿನ ಮೆದೆಯ ಹಿಂದೆ ಒಣಹಾಕುತ್ತಿದ್ದಳು.

"ನಾನೇನು ಕಳ್ತನ ಮಾಡ್ಕಂಡು ಬಂದಿದ್ದೀನೇನೇ?" ಎಂದು ಗುಡುಗಿದ.

"ಸೊಸೆ ಇರೋ ಮನೆ. ಸುಮ್ಕಿರಿ," ಎಂದಳು ಅವಳು.

ಒಂದು ಮಧ್ಯಾಹ್ನ ಪಕ್ಕದ ಹೊಲದ ಚಿಕ್ಕಣ್ಣ ನೋಡಲು ಬಂದ. ಓರಗೆಯವನು, ಕೂಡಿ ಬೆಳೆದವನು. ಕೂತ ಅರ್ಧ ಗಂಟೆಯಲ್ಲಿ ಮೂರು ಸಲ ಹಿತ್ತಲಿಗೆ ಹೋಗಿ ಬಂದ. ಪ್ರತಿ ಸಲವೂ ಹಣೆಯಲ್ಲಿ ಬೆವರು. ಜವರಯ್ಯನಿಗೆ ಅರ್ಥವಾಯಿತು.

"ಏನ್ಲಾ ಚಿಕ್ಕ, ನಿಂಗೂ ನನ್ನಂಗೇ ಕಟ್ತಾ ಐತೇನ್ಲಾ?"

"ಥೂ, ಏನಿಲ್ಲ ಕಣೋ. ಅದ್ಸರಿ, ನಿಂದು ಕರುಳಿಂದಲ್ವಾ?"

ಜವರಯ್ಯನ ಮೈ ಹೊತ್ತಿಕೊಂಡಿತು. ಗೋಡೆ ಹಿಡಿದು ಎದ್ದ. ಪಂಚೆ ಒದ್ದೆಯಾಯಿತು, ಲೆಕ್ಕಿಸಲಿಲ್ಲ. ಹಾಗೇ ಜಗಲಿಗೆ ಬಂದು ನಿಂತ.

"ಕೇಳ್ರಪ್ಪೋ! ನಂಗಾಗಿದ್ದು ಕರುಳಿಂದಲ್ಲ. ಉಚ್ಚೆ ಕಟ್ಟಿ ಸಾಯ್ತಿದ್ದೆ, ಕುಯ್ದು ಬದುಕಿಸವ್ರೆ. ಈ ಚಿಕ್ಕಣ್ಣಂಗೂ ಅದೇ ಐತೆ. ನಾಚ್ಕೆ ಪಟ್ಕಂಡು ಸಾಯಕ್ಕೆ ಹೊಂಟವ್ನೆ!"

ಬೀದಿಯಲ್ಲಿ ಕೊಡ ಹೊತ್ತ ಹೆಂಗಸರು ನಿಂತುಬಿಟ್ಟರು. ಚನ್ನಪ್ಪ ಓಡಿಬಂದು ತೋಳು ಹಿಡಿದರೆ ಕೊಡವಿ ಹಾಕಿದ. ಚಿಕ್ಕಣ್ಣ ತಲೆ ತಗ್ಗಿಸಿ ಇಳಿದು ಹೋದ.

ಸಂಜೆ ಜವರಯ್ಯನ ಮೂತ್ರದಲ್ಲಿ ರಕ್ತ ಕಂಡಿತು. ಮೂವತ್ತೈದು ವರ್ಷದ ಸಂಸಾರದಲ್ಲಿ ಎಂದೂ ದನಿ ಏರಿಸದಿದ್ದ ಬೋರಮ್ಮ ಸಿಡಿದಳು. "ನಿಮ್ಮ ಮಾನ ನೀವು ಕಳ್ಕಳಿ. ಅವ್ರ ಮಾನ ಬೀದಿಗೆ ಹಾಕಕ್ಕೆ ನೀವ್ಯಾರು?"

ಜವರಯ್ಯ ಗೋಡೆಗೆ ಮುಖ ಮಾಡಿ ಮಲಗಿದ. ಚೊಂಬುಗಟ್ಟಲೆ ನೀರು ಕುಡಿದ ಮೇಲೆ ಮೂರನೇ ದಿನಕ್ಕೆ ರಕ್ತ ನಿಂತಿತು. ಸಿಟ್ಟು ನಿಲ್ಲಲಿಲ್ಲ, ಅದರಲ್ಲಿ ಒಂದಿಷ್ಟು ಈಗ ತನ್ನ ಮೇಲೂ ಇತ್ತು.

ಹದಿನೈದು ದಿನಕ್ಕೆ ಚಿಕ್ಕಣ್ಣನ ಹೆಂಡತಿ ಶಿವಗಂಗಮ್ಮ ಹಿತ್ತಲ ಬಾಗಿಲಲ್ಲಿ ಬಂದಳು. "ನಿನ್ನೆಯಿಂದ ತೊಟ್ಟೂ ಹೋಗ್ತಿಲ್ಲ ಕಣಣ್ಣ. ಆ ಡಾಕ್ಟ್ರ ಹೆಸರೇನು?"

"ಹೆಸರು ತಗಂಡು ಏನ್ ಮಾಡ್ತೀಯವ್ವ? ಲೋ ಚನ್ನ, ಈಗ್ಲೇ ಹೊರಡು. ಅವ್ನ ರೈಲಿಗೆ ಹತ್ತಿಸ್ಕಂಡು ಕರ್ಕಂಡು ಹೋಗು!"

ಚಿಕ್ಕಣ್ಣ ಬದುಕಿ ಬಂದ. ಆದರೆ ಜವರಯ್ಯನ ಜೊತೆ ಮಾತಾಡಲಿಲ್ಲ. ಬದುವಿನ ಮೇಲೆ ಎದುರಾದರೆ ಹೊಲಕ್ಕಿಳಿದು ಸುತ್ತು ಹಾಕಿ ಹೋಗುತ್ತಿದ್ದ. ಯುಗಾದಿಗೆ ಬೇವು ಬೆಲ್ಲ ಕಳಿಸಿದರೆ ತಟ್ಟೆ ಹಾಗೇ ವಾಪಸ್ಸು ಬಂತು.

"ಮಾತು ಬಿಟ್ರೆ ಬಿಡ್ಲಿ, ಮುಂಡೇದು. ಉಸಿರಾಡ್ತಾ ಐತಲ್ಲ!" ಎಂದ ಜವರಯ್ಯ. ತಟ್ಟೆಯನ್ನು ಎಷ್ಟು ಜೋರಾಗಿ ಕುಕ್ಕಿದನೆಂದರೆ ಬೆಲ್ಲ ನೆಲಕ್ಕೆಲ್ಲ ಚೆಲ್ಲಿತು.